ಪುಟ್ಟ ಮಗುವಿನ ಜೊತೆ ವಿದೇಶಕ್ಕೆ: ಮೊದಲ ಒಂದು ದಿನಕ್ಕೆ ಪ್ಯಾಕ್ ಮಾಡಿ

ಪುಟ್ಟ ಮಗುವನ್ನು ಎತ್ತಿಕೊಂಡು ವಿದೇಶಕ್ಕೆ ಹೊರಡುವವರು ಮೊದಲು ಕೂತು ಉದ್ದನೆಯ ಪಟ್ಟಿ ಬರೆಯುತ್ತಾರೆ. ದಿನಾ ಒಂದೊಂದು ಸಾಮಾನು ನೆನಪಾಗುತ್ತದೆ, ಸೂಟ್‌ಕೇಸ್ ತುಂಬುತ್ತಾ ಹೋಗುತ್ತದೆ. ಎಂಟು ತಿಂಗಳ ಮಗಳನ್ನು ಕರೆದುಕೊಂಡು ಹೋಗಿ ಬಂದ ಮೇಲೆ, ಕೇಳಿದವರಿಗೆಲ್ಲ ನಾನು ಹೇಳುವುದು ಇಷ್ಟೇ: ಇಡೀ ರಜೆಗೆ ಪ್ಯಾಕ್ ಮಾಡಬೇಡಿ. ಮನೆಗೆ ಬೀಗ ಹಾಕಿದ ಹೊತ್ತಿನಿಂದ ಅಲ್ಲಿ ಮೊದಲ ರಾತ್ರಿ ಕಳೆದು ಬೆಳಗಾಗುವವರೆಗೆ, ಆ ಒಂದು ದಿನಕ್ಕೆ ಸರಿಯಾಗಿ ಪ್ಯಾಕ್ ಮಾಡಿ. ಬೆಳಗಾದ ಮೇಲೆ ಅಂಗಡಿ ತೆರೆಯುತ್ತದೆ. ಪ್ರವಾಸಿಗರು ಹೋಗುವ ಬಹುತೇಕ ಊರುಗಳಲ್ಲಿ ಡಯಾಪರ್, ವೈಪ್ಸ್ ಸಿಗುತ್ತವೆ. ಆದರೆ ಆ ಮೊದಲ ದಿನ ನಿಮ್ಮ ಕೈಯಲ್ಲಿರುವುದೇ ನಿಮ್ಮದು.

ಪ್ಯಾಕಿಂಗ್‌ಗಿಂತ ಮೊದಲು ಕಾಗದಪತ್ರ. ಇದನ್ನು ಎಲ್ಲಕ್ಕಿಂತ ಮುಂಚೆ ಶುರು ಮಾಡಿ. ನಿನ್ನೆ ಮೊನ್ನೆ ಹುಟ್ಟಿದ ಮಗುವಾದರೂ ಅದಕ್ಕೆ ಅದರದೇ ಪಾಸ್‌ಪೋರ್ಟ್ ಬೇಕು. ವೀಸಾ ಬೇಕಾದ ದೇಶವಾದರೆ ಅದೂ ಬೇರೆಯದೇ. ಮಕ್ಕಳ ಪಾಸ್‌ಪೋರ್ಟ್‌ಗೆ ದೊಡ್ಡವರದಕ್ಕಿಂತ ಕಡಿಮೆ ಅವಧಿ ಇರುತ್ತದೆ. ಎಷ್ಟೋ ದೇಶಗಳು ಇನ್ನೂ 6 ತಿಂಗಳು ಬಾಕಿ ಇರಲಿ ಅಂತ ಕೇಳುತ್ತವೆ, ಆ ತಾರೀಖನ್ನೂ ನೋಡಿಕೊಳ್ಳಿ. ಫೋಟೋ ತೆಗೆಸುವುದೇ ದೊಡ್ಡ ಕೆಲಸ. ನೆಲದ ಮೇಲೆ ಬಿಳಿ ಬಟ್ಟೆ ಹಾಸಿ, ಮಗುವನ್ನು ಅಂಗಾತ ಮಲಗಿಸಿ, ಕಿಟಕಿಯ ಬೆಳಕಿನಲ್ಲಿ ಮೇಲಿನಿಂದ ತೆಗೆದರೆ ಸುಲಭ. ಬೇರೆಯವರ ಕೈ ಕಾಣಬಾರದು, ಬಾಯಲ್ಲಿ ಚೀಪುವ ನಿಪ್ಪಲ್ (ಪ್ಯಾಸಿಫೈಯರ್) ಇರಬಾರದು. ಹೊಟ್ಟೆ ತುಂಬಿ ಖುಷಿಯಾಗಿರುವ ಹೊತ್ತು ನೋಡಿ ತೆಗೆಯಿರಿ. ತಂದೆ ಅಥವಾ ತಾಯಿ ಒಬ್ಬರೇ ಕರೆದುಕೊಂಡು ಹೋಗುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ, ಮಗುವಿನ ಜನನ ಪ್ರಮಾಣಪತ್ರದ ಪ್ರತಿಯ ಜೊತೆ ಇಟ್ಟುಕೊಳ್ಳಿ. ಕೆಲವು ದೇಶಗಳ ಗಡಿಯಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ.

ಟಿಕೆಟ್ ವಿಷಯಕ್ಕೆ ಬಂದರೆ, 2 ವರ್ಷ ತುಂಬದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗಬಹುದು. ಅಂತರರಾಷ್ಟ್ರೀಯ ವಿಮಾನಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ದೊಡ್ಡವರ ದರದ ಹತ್ತನೇ ಒಂದು ಭಾಗದಷ್ಟು ಹಣ, ಜೊತೆಗೆ ತೆರಿಗೆ. ಪ್ರಯಾಣ ಮಾಡುವ ದಿನದ ವಯಸ್ಸೇ ಲೆಕ್ಕ. ರಜೆಯ ಮಧ್ಯೆ ಮಗುವಿಗೆ 2 ತುಂಬಿದರೆ ವಾಪಸ್ ಬರುವಾಗ ಅದಕ್ಕೆ ಸ್ವಂತ ಸೀಟು ಬೇಕಾಗುತ್ತದೆ. ಹಣ ಹೊಂದುವುದಾದರೆ ಮೊದಲೇ ಸೀಟು ಕೊಂಡು, ವಿಮಾನದಲ್ಲಿ ಬಳಸಲು ಒಪ್ಪಿಗೆಯಿರುವ ಕಾರ್ ಸೀಟ್ (ಮಗುವನ್ನು ಬೆಲ್ಟ್ ಹಾಕಿ ಕೂರಿಸುವ ಪುಟ್ಟ ಸೀಟು) ಹಾಕಿ ಕೂರಿಸುವುದೇ ಹೆಚ್ಚು ಸುರಕ್ಷಿತ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುವುದೂ ಅದನ್ನೇ.

ನಾವು ಬ್ಯಾಸಿನೆಟ್ ಕೇಳಿದ್ದೆವು. ಅದು ಮುಂದಿನ ಗೋಡೆಗೆ ಸಿಕ್ಕಿಸುವ ಸಣ್ಣ ತೊಟ್ಟಿಲು. ಒಂದು ವಿಮಾನದಲ್ಲಿ ಕೆಲವೇ ಕೆಲವು ಇರುತ್ತವೆ. ಅದಕ್ಕೇ ಟಿಕೆಟ್ ಮಾಡಿದ ದಿನವೇ ಫೋನ್ ಮಾಡಿ ಹೇಳಿಡಿ, ಹೊರಡುವ ಮುಂಚೆ ಮತ್ತೊಮ್ಮೆ ಕೇಳಿ. ಮಗುವಿನ ತೂಕಕ್ಕೆ ಮಿತಿ ಇರುತ್ತದೆ, ಒಂದೊಂದು ಕಂಪನಿಯದು ಒಂದೊಂದು. ಇನ್ನೊಂದು ಮಾತು: ಸೀಟ್ ಬೆಲ್ಟ್ ದೀಪ ಹತ್ತಿದಾಗೆಲ್ಲ ಮಲಗಿರುವ ಮಗುವನ್ನು ಎತ್ತಿಕೊಳ್ಳಲೇಬೇಕು. ರಾತ್ರಿಯೆಲ್ಲ ಮಗು ಅದರಲ್ಲೇ ಮಲಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಎಲ್ಲ ಸಾಲಿನಲ್ಲೂ ಮಗುವಿಗೆ ಜಾಗ ಕೊಡುವುದಿಲ್ಲ, ಯಾಕೆಂದರೆ ಹೆಚ್ಚುವರಿ ಆಮ್ಲಜನಕದ ಮಾಸ್ಕ್ ಕೆಲವು ಸೀಟುಗಳ ಮೇಲೆ ಮಾತ್ರ ಇರುತ್ತದೆ. ಹಾಗಾಗಿ ಕೊಟ್ಟ ಸೀಟನ್ನು ಅಲ್ಲಿ ಹೋಗಿ ಬೇರೆಯವರ ಜೊತೆ ಸುಮ್ನೆ ಬದಲಾಯಿಸಿಕೊಳ್ಳಲು ಆಗುವುದಿಲ್ಲ.

ವೈದ್ಯರನ್ನು ಹೊರಡುವ ಹಿಂದಿನ ದಿನ ನೋಡಿದರೆ ಪ್ರಯೋಜನವಿಲ್ಲ. ಕನಿಷ್ಠ ಒಂದು ತಿಂಗಳು ಮುಂಚೆ ಹೋಗಿ, ಯಾವ ದೇಶ ಅಂತ ಹೇಳಿ. ದಡಾರದ ಲಸಿಕೆಯನ್ನು ವಿದೇಶಕ್ಕೆ ಹೋಗುವ ಮಕ್ಕಳಿಗೆ 6 ತಿಂಗಳಿಗೇ ಮುಂಚಿತವಾಗಿ ಕೊಡುವುದುಂಟು. ಹಾಗೆ ಕೊಟ್ಟರೂ ಆಮೇಲೆ ವಯಸ್ಸಿಗೆ ಸರಿಯಾಗಿ ಹಾಕಿಸಬೇಕಾದ ಡೋಸ್‌ಗಳು ತಪ್ಪುವುದಿಲ್ಲ. ಹಳದಿ ಜ್ವರದ ಲಸಿಕೆಯನ್ನು 6 ತಿಂಗಳೊಳಗಿನ ಕೂಸಿಗೆ ಕೊಡುವಂತಿಲ್ಲ, ಸಾಮಾನ್ಯವಾಗಿ 9 ತಿಂಗಳಾದ ಮೇಲೇ ಕೊಡುತ್ತಾರೆ. ಆ ಜ್ವರವಿರುವ ಕಡೆ ಹೋಗುವ ಯೋಚನೆ ಇದ್ದರೆ ಪ್ರವಾಸವನ್ನೇ ಮುಂದೆ ಹಾಕುವುದು ಒಳ್ಳೆಯದು.

ಔಷಧಿಯ ವಿಷಯದಲ್ಲಿ ನಾನು ಒತ್ತಿ ಹೇಳುವುದು ಒಂದಿದೆ. ಪ್ಯಾರಾಸಿಟಮಾಲ್ ಸಿರಪ್ ಅನ್ನು ಮನೆಯಿಂದಲೇ ಒಯ್ಯಿರಿ, ಅಳೆಯುವ ಸಿರಿಂಜ್ ಜೊತೆಗೆ. ಒಂದೇ ಹೆಸರಿನ ಸಿರಪ್ ಬೇರೆ ದೇಶದಲ್ಲಿ ಬೇರೆ ಸಾಂದ್ರತೆಯಲ್ಲಿ ಇರಬಹುದು. ಇಲ್ಲಿ ಕೊಡುತ್ತಿದ್ದಷ್ಟೇ ಎಂಎಲ್ ಅಲ್ಲಿಯ ಬಾಟಲಿಯಿಂದ ಕೊಟ್ಟರೆ ಡೋಸ್ ಹೆಚ್ಚು ಕಡಿಮೆ ಆಗುತ್ತದೆ. ಮಗುವಿನ ಈಗಿನ ತೂಕಕ್ಕೆ ಎಷ್ಟು ಮಿಲಿಗ್ರಾಂ ಅಂತ ವೈದ್ಯರಿಂದ ಬರೆಸಿಕೊಳ್ಳಿ. ಎಂಎಲ್ ಲೆಕ್ಕ ಒಂದೇ ಸಾಲದು. ಥರ್ಮಾಮೀಟರ್, ಓಆರ್‌ಎಸ್ ಪೊಟ್ಟಣ, ಡಯಾಪರ್ ರ‍್ಯಾಶ್ ಕ್ರೀಮ್ ಇದ್ದರೆ ಸಾಕು. ವಿಮಾನದಲ್ಲಿ ಮಲಗಲಿ ಅಂತ ಅಲರ್ಜಿ ಸಿರಪ್ ಕೊಡುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ದಯವಿಟ್ಟು ಕೊಡಬೇಡಿ. ಸಣ್ಣ ಮಕ್ಕಳ ಉಸಿರಾಟಕ್ಕೆ ಅದು ಅಪಾಯ. ಕೆಲವು ಮಕ್ಕಳು ಅದರಿಂದ ಮಲಗುವ ಬದಲು ಇನ್ನಷ್ಟು ಕೆರಳುತ್ತಾರೆ ಕೂಡ. ಪ್ರವಾಸ ವಿಮೆಯಲ್ಲಿ ಮಗುವಿನ ಹೆಸರು ಸೇರಿದೆಯಾ ಅಂತಲೂ ಒಮ್ಮೆ ನೋಡಿ.

ಈಗ ಕೈಚೀಲ. ನಮ್ಮ ಇಡೀ ಪ್ರಯಾಣವನ್ನು ಹಗುರ ಮಾಡಿದ್ದು ಸಣ್ಣ ಸಣ್ಣ ಜಿಪ್ ಕವರ್‌ಗಳು. ಒಂದು ಕವರ್‌ನಲ್ಲಿ ಒಂದು ಡಯಾಪರ್, ಬೇರೆ ಪುಟ್ಟ ಪ್ಯಾಕ್‌ನಲ್ಲಿ ಏಳೆಂಟು ವೈಪ್ಸ್, ಮಡಚಿದ ಒಂದು ತೆಳು ಹಾಸು, ಗಂಟು ಕಟ್ಟಲು ಒಂದು ಖಾಲಿ ಪ್ಲಾಸ್ಟಿಕ್. ಇನ್ನೊಂದು ಬಗೆಯ ಕವರ್‌ನಲ್ಲಿ ಇಷ್ಟರ ಜೊತೆ ಒಂದು ಜೊತೆ ಬಟ್ಟೆ. ಹೀಗೆ ಸಾಲಾಗಿ ಜೋಡಿಸಿಟ್ಟಿದ್ದೆವು. ವಿಮಾನದ ಶೌಚಾಲಯವನ್ನು ನೋಡಿದ್ದೀರಲ್ಲ, ಅಲ್ಲಿ ಒಬ್ಬರು ನಿಲ್ಲುವುದೇ ಕಷ್ಟ. ಗೋಡೆಯಿಂದ ಕೆಳಗಿಳಿಸುವ ಹಲಗೆ ಕಮೋಡಿನ ಮೇಲೆ ಬಂದು ನಿಲ್ಲುತ್ತದೆ. ಒಂದು ಕೈ ಮಗುವಿನ ಎದೆಯ ಮೇಲಿರಬೇಕು, ಉಳಿದ ಒಂದೇ ಕೈಯಲ್ಲಿ ಎಲ್ಲ ಕೆಲಸ. ದೊಡ್ಡ ಚೀಲ ಇಡಲು ಜಾಗವೇ ಇಲ್ಲ. ಒಂದು ಕವರ್ ಕಂಕುಳಲ್ಲಿ ಇಟ್ಟುಕೊಂಡು ಹೋಗಿ, ಕೊಳೆಯಾದದ್ದನ್ನೆಲ್ಲ ಅದೇ ಕವರ್‌ಗೆ ತುಂಬಿ ಜಿಪ್ ಎಳೆದು ಬರಬಹುದು. ಎಲ್ಲ ವಿಮಾನಗಳಲ್ಲೂ ಎಲ್ಲ ಶೌಚಾಲಯಗಳಲ್ಲೂ ಈ ಹಲಗೆ ಇರುವುದಿಲ್ಲ, ಹತ್ತಿದ ತಕ್ಷಣ ಗಗನಸಖಿಯರನ್ನು ಕೇಳಿಟ್ಟುಕೊಳ್ಳಿ.

ಡಯಾಪರ್ ಎಷ್ಟು? ಪ್ರಯಾಣದ ಪ್ರತಿ ಎರಡು ಗಂಟೆಗೆ ಒಂದು, ಅದರ ಮೇಲೆ ರಾತ್ರಿಗೂ ವಿಮಾನ ತಡವಾದರೂ ಅಂತ ಅರ್ಧ ಡಜನ್. ಮಗುವಿಗೆ ಮೂರು ಜೊತೆ ಬಟ್ಟೆ. ಅಪ್ಪ ಅಮ್ಮನಿಗೂ ಒಂದೊಂದು ಅಂಗಿ ಇರಲಿ, ಇದನ್ನು ತುಂಬಾ ಜನ ಮರೆಯುತ್ತಾರೆ. ಮಗು ವಾಂತಿ ಮಾಡಿಕೊಂಡರೆ ಅದು ನಿಮ್ಮ ಹೆಗಲ ಮೇಲೇ ಅಲ್ವಾ?

ಈ ಲೆಕ್ಕ ನಮ್ಮ ಕೈ ಹಿಡಿಯಿತು. ನಾವು ಇಳಿದಾಗ ದೊಡ್ಡ ಸೂಟ್‌ಕೇಸ್ ಬಂದಿರಲಿಲ್ಲ. ಬೆಲ್ಟ್ ಸುತ್ತಿ ಸುತ್ತಿ ನಿಂತಿತು, ಸೂಟ್‌ಕೇಸ್ ಮಾತ್ರ ಇಲ್ಲ. ಅದು ಹೋಟೆಲ್ ತಲುಪಿದ್ದು ಮರುದಿನ ಸಂಜೆ. ಅಷ್ಟು ಹೊತ್ತು ಮಗಳಿಗೆ ಬೇಕಾದ ಹಾಲಿನ ಪುಡಿ, ಔಷಧಿ, ಬಟ್ಟೆ, ಮಲಗುವ ಹಾಸು ಎಲ್ಲವೂ ಕೈಚೀಲದಲ್ಲೇ ಇತ್ತು. ಅವಳಿಗೆ ಏನೂ ವ್ಯತ್ಯಾಸ ಆಗಲಿಲ್ಲ.

ಹಾಲಿನ ಬಗ್ಗೆ ಭಯ ಬೇಡ. 2006ರಲ್ಲಿ ವಿಮಾನದ ಕೈಚೀಲದಲ್ಲಿ 100 ಎಂಎಲ್‌ಗಿಂತ ದೊಡ್ಡ ದ್ರವದ ಬಾಟಲಿಗೆ ತಡೆ ಬಂತು, ಬಹಳಷ್ಟು ನಿಲ್ದಾಣಗಳಲ್ಲಿ ಅದು ಈಗಲೂ ಇದೆ ನಿಜ. ಆದರೆ ಪ್ರಯಾಣಕ್ಕೆ ಬೇಕಾದಷ್ಟು ಮಗುವಿನ ಹಾಲು, ಕುದಿಸಿದ ನೀರು, ಮೆತ್ತನೆ ಆಹಾರಕ್ಕೆ ವಿನಾಯಿತಿ ಕೊಡುತ್ತಾರೆ. ಅವೆಲ್ಲವನ್ನೂ ಬೇರೆ ಒಂದು ಚೀಲದಲ್ಲಿಟ್ಟು, ತಪಾಸಣೆಯ ಜಾಗಕ್ಕೆ ಬಂದ ಕೂಡಲೇ ನೀವೇ ತೆಗೆದು ತೋರಿಸಿ. ಬಾಟಲಿ ತೆರೆಸಿ ಪರೀಕ್ಷೆ ಮಾಡಬಹುದು, ಸ್ಟ್ರೋಲರ್ (ಮಗುವನ್ನು ಕೂರಿಸಿ ತಳ್ಳುವ ಗಾಡಿ) ಮಡಚಲು ಹೇಳಬಹುದು, ಎದೆಗೆ ಕಟ್ಟಿಕೊಂಡ ಕ್ಯಾರಿಯರ್‌ನಿಂದ ಮಗುವನ್ನು ತೆಗೆಯಲು ಹೇಳಬಹುದು. ಇದಕ್ಕೆಲ್ಲ ಅರ್ಧ ಗಂಟೆ ಜಾಸ್ತಿ ಇಟ್ಟುಕೊಂಡು ಹೋಗಿ. ತೆಗೆದಿಟ್ಟ ಎದೆಹಾಲು ಕೋಣೆಯ ಉಷ್ಣತೆಯಲ್ಲಿ 4 ಗಂಟೆ, ಐಸ್ ಪ್ಯಾಕ್ ಹಾಕಿದ ಥರ್ಮಲ್ ಚೀಲದಲ್ಲಿ 24 ಗಂಟೆ ಇರುತ್ತದೆ. ಪುಡಿ ಹಾಲು ಕೊಡುವವರು ಒಂದೊಂದು ಸಲಕ್ಕೆ ಬೇಕಾದ ಪುಡಿಯನ್ನು ಒಂದೊಂದು ಡಬ್ಬಿಯಲ್ಲಿ ಅಳೆದಿಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಪುಡಿ ಕಲಸುವ ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು, ಆಮೇಲೆ ಆರಿಸಿ ಕುಡಿಸಬೇಕು. ಕಲಸಿ 2 ಗಂಟೆ ಕಳೆದದ್ದನ್ನು ಚೆಲ್ಲಿಬಿಡಿ. ಹಾಗಾಗಿ ಒಂದು ಒಳ್ಳೆಯ ಫ್ಲಾಸ್ಕ್ ಬೇಕೇ ಬೇಕು.

ಕಿವಿ ನೋವಿನ ಬಗ್ಗೆ ಎಲ್ಲರೂ ಟೇಕಾಫ್ ಹೊತ್ತಿಗೆ ಹೆದರುತ್ತಾರೆ. ನೋವು ಜಾಸ್ತಿ ಬರುವುದು ಇಳಿಯುವಾಗ. ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ 6000ದಿಂದ 8000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟು ಇರುತ್ತದೆ. ಇಳಿಯುತ್ತಾ ಹೋದಂತೆ ಅದು ಏರುತ್ತದೆ, ಮಗುವಿನ ಕಿವಿಯ ಸಣ್ಣ ನಾಳ ಬೇಗ ತೆರೆದುಕೊಳ್ಳುವುದಿಲ್ಲ. ನುಂಗಿದರೆ ತೆರೆದುಕೊಳ್ಳುತ್ತದೆ. ಅದಕ್ಕೇ ಒಂದು ಸಲದ ಹಾಲನ್ನು ಉಳಿಸಿಕೊಂಡು, ನೆಲ ಮುಟ್ಟುವುದಕ್ಕೆ ಸುಮಾರು ಅರ್ಧ ಗಂಟೆ ಮುಂಚೆ ಇಳಿಯಲು ಶುರುವಾದಾಗ ಕುಡಿಸಲು ಆರಂಭಿಸಿ. ಎದೆಹಾಲು, ಬಾಟಲಿ, ನಿಪ್ಪಲ್ ಯಾವುದಾದರೂ ಆದೀತು. ನೆಗಡಿ ಅಥವಾ ಕಿವಿ ಸೋಂಕು ಇದ್ದರೆ ಹೊರಡುವ ಮುಂಚೆ ವೈದ್ಯರಿಗೆ ತೋರಿಸಲೇಬೇಕು. ಒಳಗಿನ ಗಾಳಿಯೂ ತುಂಬಾ ಒಣ, ತೇವಾಂಶ ಸಾಮಾನ್ಯವಾಗಿ 20 ಶೇಕಡಾಕ್ಕಿಂತ ಕಡಿಮೆ. ಮಾಮೂಲಿಗಿಂತ ಹೆಚ್ಚು ಸಲ ಹಾಲು ಕೊಡಿ.

ವಿಮಾನ ನಿಲ್ದಾಣದಲ್ಲಿ ನಮಗೆ ಸ್ಟ್ರೋಲರ್‌ಗಿಂತ ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಹೆಚ್ಚು ಉಪಯೋಗಕ್ಕೆ ಬಂತು. ಎರಡೂ ಕೈ ಖಾಲಿ ಇರುತ್ತವೆ, ಪಾಸ್‌ಪೋರ್ಟ್ ತೆಗೆಯಬಹುದು. ಸ್ಟ್ರೋಲರ್ ಅನ್ನು ಗೇಟಿನವರೆಗೆ ಒಯ್ದು ಅಲ್ಲಿ ಟ್ಯಾಗ್ ಹಾಕಿಸುವ ವ್ಯವಸ್ಥೆ ಬಹಳ ಕಡೆ ಇದೆ. ವಾಪಸ್ ಸಿಗುವುದು ವಿಮಾನದ ಬಾಗಿಲಲ್ಲೋ ಲಗೇಜ್ ಬೆಲ್ಟ್‌ನಲ್ಲೋ ಅಂತ ಟ್ಯಾಗ್ ಹಾಕುವಾಗಲೇ ಕೇಳಿ, ನಡುವೆ ವಿಮಾನ ಬದಲಿಸುವವರಿಗೆ ಇದು ಮುಖ್ಯ. ಇಳಿದ ಮೇಲೆ ಟ್ಯಾಕ್ಸಿ ಹಿಡಿಯುವುದಿದ್ದರೆ ಮಗುವನ್ನು ಗಾಡಿಯ ಹಿಂಬದಿಗೆ ಮುಖ ಮಾಡಿ ಕೂರಿಸುವ ಕಾರ್ ಸೀಟ್ ಇರುವ ಗಾಡಿಯನ್ನು ಮೊದಲೇ ಬುಕ್ ಮಾಡಿ. ಎಷ್ಟೇ ಹತ್ತಿರವಾದರೂ ಕಾರಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವುದು ಬೇಡ.

ಮೊದಲ ರಾತ್ರಿಗೆ ಮನೆಯಲ್ಲಿ ಹಾಸುತ್ತಿದ್ದ ತೊಟ್ಟಿಲ ಹಾಸನ್ನೇ ಒಗೆಯದೆ ತಂದಿದ್ದೆವು. ಪರಿಚಯದ ವಾಸನೆಗೆ ಮಗಳು ಬೇಗ ಮಲಗಿದಳು. ಹೋಟೆಲ್‌ಗೆ ಮೊದಲೇ ಬರೆದು ಮಗುವಿನ ಮಂಚ ಕೇಳಿ. ಹೋದ ಮೇಲೆ ಕೈಯಿಂದ ಅಲುಗಾಡಿಸಿ ನೋಡಿ, ಹಾಸಿಗೆ ಗಟ್ಟಿ ಇದೆಯಾ, ಅಂಚಿನಲ್ಲಿ ಸಂದು ಇದೆಯಾ ಅಂತ ಪರೀಕ್ಷಿಸಿ. ದಿಂಬು, ದಪ್ಪ ಹೊದಿಕೆ ತೆಗೆದು ಅಂಗಾತ ಮಲಗಿಸಿ. ಸಮಯದ ವ್ಯತ್ಯಾಸಕ್ಕೆ ಸುಮಾರು ದಿನಕ್ಕೊಂದು ಗಂಟೆಯಂತೆ ಹೊಂದಿಕೊಳ್ಳುತ್ತಾರೆ. ಪೂರ್ವಕ್ಕೆ ಹೋದರೆ ಇನ್ನೂ ಸ್ವಲ್ಪ ಕಷ್ಟ. ಹಗಲು ಹೊರಗಿನ ಬೆಳಕಿಗೆ ಕರೆದುಕೊಂಡು ಹೋಗಿ, ರಾತ್ರಿ ಎಚ್ಚರವಾದರೆ ದೀಪ ಹಾಕದೆ ಸಮಾಧಾನ ಮಾಡಿ. ಮೊದಲೆರಡು ದಿನಕ್ಕೆ ಸುತ್ತಾಟದ ಯಾವ ಟಿಕೆಟ್ಟನ್ನೂ ಮುಂಚೆ ಬುಕ್ ಮಾಡಬೇಡಿ.

ದೊಡ್ಡ ಸೂಟ್‌ಕೇಸ್‌ಗೆ ಏನು ಅಂತ ಕೇಳಿದರೆ, ಕಡಿಮೆ. ಒಯ್ಯಲೇಬೇಕಾದದ್ದು ಇಡೀ ಪ್ರವಾಸಕ್ಕೆ ಆಗುವಷ್ಟು ಹಾಲಿನ ಪುಡಿ, ಯಾಕೆಂದರೆ ಅದೇ ಬ್ರ್ಯಾಂಡ್ ಅಲ್ಲಿ ಸಿಗದೇ ಇರಬಹುದು. ಸ್ಟೆರಿಲೈಜರ್ ಬೇಡ, ಬಾಟಲಿಯನ್ನು ಪಾತ್ರೆಯಲ್ಲಿ ಕುದಿಸಬಹುದು ಅಥವಾ ಬಾಟಲಿ ಶುದ್ಧಿ ಮಾಡಲು ತಣ್ಣೀರಿಗೆ ಹಾಕುವ ಮಾತ್ರೆ ಸಾಕು. ಬಾಟಲಿ ವಾರ್ಮರ್ ಒಯ್ಯುವುದಿದ್ದರೆ ಅದರ ಮೇಲೆ 100–240 ವೋಲ್ಟ್ ಅಂತ ಬರೆದಿದೆಯಾ ನೋಡಿ. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ. ಬಿಸಿಲಿನ ಊರಾದರೆ ಅಗಲ ಟೋಪಿ, ತೆಳು ತುಂಬುತೋಳಿನ ಬಟ್ಟೆ. 6 ತಿಂಗಳೊಳಗಿನ ಮಗುವಿಗೆ ಸನ್‌ಸ್ಕ್ರೀನ್‌ಗಿಂತ ನೆರಳೇ ಸರಿ. ಸೊಳ್ಳೆ ಇರುವ ಕಡೆ ಸ್ಟ್ರೋಲರ್‌ಗೆ ಪರದೆ ಹಾಕಿ. ಹೋಟೆಲಿನ ತಿಂಡಿಯ ಮೇಜಿನಲ್ಲಿ ಯಾರಾದರೂ ಅಕ್ಕರೆಯಿಂದ ಜೇನುತುಪ್ಪ ನೆಕ್ಕಿಸಲು ಬಂದರೆ ಬೇಡ ಅನ್ನಿ, ಒಂದು ವರ್ಷ ತುಂಬುವವರೆಗೆ ಅದು ಅಪಾಯ.

ವಾಪಸ್ ಬರುವ ಹಿಂದಿನ ಸಂಜೆ ಜಿಪ್ ಕವರ್‌ಗಳನ್ನು ಮತ್ತೆ ತುಂಬಿಸಿಕೊಳ್ಳಿ. ಅಲ್ಲಿ ಕೊಂಡ ಡಯಾಪರ್‌ನಲ್ಲಿ ಪ್ರಯಾಣಕ್ಕಾಗುವಷ್ಟನ್ನು ಎರಡು ದಿನ ಮೊದಲೇ ಎತ್ತಿಟ್ಟರೆ ಕೊನೆಯ ಗಳಿಗೆಯಲ್ಲಿ ಅಂಗಡಿಗೆ ಓಡುವುದು ತಪ್ಪುತ್ತದೆ. ಊರಿಗೆ ಬಂದ ಮೇಲೆ ಕೆಲವು ವಾರಗಳಲ್ಲಿ ಮಗುವಿಗೆ ಜ್ವರ ಬಂದರೆ, ಯಾವ ದೇಶಕ್ಕೆ ಹೋಗಿದ್ದಿರಿ, ಯಾವಾಗ ಬಂದಿರಿ ಅನ್ನುವುದನ್ನು ವೈದ್ಯರಿಗೆ ಮೊದಲೇ ಹೇಳಿ.