ಸೆರೆಮನೆಯಿಂದ ಬಂದ ಪ್ರಶ್ನೆ

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದಲ್ಲಿ ನಮ್ಮ ಚರ್ಚಿನ ಗುರುಗಳು ಪೂಜೆಗೆ ಹಾಕುವುದು ನೇರಳೆ ಉಡುಪು. ಮೂರನೇ ಭಾನುವಾರ ಮಾತ್ರ ಗುಲಾಬಿ. ಹಬ್ಬ ಹತ್ತಿರ ಬಂತು, ಖುಷಿಪಡಿ ಅಂತ. 2025ರಲ್ಲಿ ಅದು ಡಿಸೆಂಬರ್ 14ಕ್ಕೆ ಬಂದಿತ್ತು. ನನಗಂತೂ ಖುಷಿಪಡುವ ಮನಸ್ಸಿರಲಿಲ್ಲ. ದೀಪಾವಳಿಗೆ ಮುಂಚೆಯೇ ಕೆಲಸ ಹೋಗಿತ್ತು. ಇಂಟರ್‌ವ್ಯೂ ಕೊಟ್ಟ ಕಡೆಯಿಂದೆಲ್ಲ ಒಂದೇ ಮಾತು, 'ತಿಳಿಸ್ತೀವಿ'. ಅವತ್ತು ಚರ್ಚಿನ ಬಲಿಪೂಜೆಗೆ ಹೋಗಿದ್ದೂ ಅಮ್ಮನನ್ನು ಸ್ಕೂಟರಲ್ಲಿ ಬಿಡಬೇಕಲ್ಲ ಅಂತ, ಅಷ್ಟೇ.

ಅವತ್ತು ಬೈಬಲಿನಿಂದ ಓದಿದ ಶುಭಸಂದೇಶ ಮತ್ತಾಯನ 11ನೇ ಅಧ್ಯಾಯದ್ದು. ಉದ್ಧಾರಕ ಬರುತ್ತಾನೆ ಅಂತ ಸಾರಿದ್ದ ಪ್ರವಾದಿ ಸ್ನಾನಿಕ ಯೊವಾನ್ನ ಸೆರೆಯಲ್ಲಿದ್ದಾನೆ. ಶಿಷ್ಯರ ಕೈಲಿ ಯೇಸುಸ್ವಾಮಿಗೆ ಹೇಳಿ ಕಳಿಸುತ್ತಾನೆ: ಬರಬೇಕಾದವರು ನೀವೇನಾ, ಇಲ್ಲ ನಾವು ಬೇರೆಯವರಿಗೆ ಕಾಯಬೇಕಾ? ಚಿಕ್ಕಂದಿನಿಂದ ಕೇಳಿದ್ದೇ. ಅವತ್ತು ಮಾತ್ರ ಕಿವಿ ನೆಟ್ಟಗಾಯಿತು. ಜೋರ್ಡನ್ ನದಿಯಲ್ಲಿ ತನ್ನ ಕೈಯಾರೆ ಯೇಸುವಿಗೆ ಸ್ನಾನದೀಕ್ಷೆ ಕೊಟ್ಟವನು ಇವನೇ ಅಲ್ವಾ? ಅವನಿಗೇ ಅನುಮಾನ! ಯೇಸುಸ್ವಾಮಿ ಬೈಯಲಿಲ್ಲ. ಕುರುಡರು ನೋಡುತ್ತಿದ್ದಾರೆ, ಕುಂಟರು ನಡೆಯುತ್ತಿದ್ದಾರೆ, ಕಂಡದ್ದು ಕೇಳಿದ್ದನ್ನು ಹೋಗಿ ಹೇಳಿ ಅಂದರು. ನಿನ್ನನ್ನು ಸೆರೆಯಿಂದ ಬಿಡಿಸ್ತೀನಿ ಅಂತ ಹೇಳಲೇ ಇಲ್ಲ. ಆಮೇಲೆ ದೊರೆ ಹೆರೋದ ಅವನ ತಲೆಯನ್ನೇ ತೆಗೆಸಿದ. ಪ್ರಬೋಧನೆಯಲ್ಲಿ ಈ ಜಾಗವನ್ನು ಬೇಗ ದಾಟಿಬಿಡುತ್ತಾರೆ. ನಾನು ಅಲ್ಲೇ ಸಿಕ್ಕಿಕೊಂಡೆ.

ಆಗಮನ ಕಾಲದಲ್ಲಿ ಭಾನುವಾರಕ್ಕೊಂದು ಮೇಣದಬತ್ತಿ ಹಚ್ಚುತ್ತೇವೆ; ಅವತ್ತು ರಾತ್ರಿ ಮನೆಯಲ್ಲಿ ಮೂರನೆಯದು ಹಚ್ಚಿದೆವು. ಸ್ಟೀಲ್ ತಟ್ಟೆಯ ಸುತ್ತ ಸರ್ವೆ ಸೊಪ್ಪು, ನಡುವೆ ನಾಲ್ಕು ಮೇಣದಬತ್ತಿ. ಗುಲಾಬಿ ಬಣ್ಣದ್ದು ಅಂಗಡಿಯಲ್ಲಿ ಸಿಗದೆ ಅಮ್ಮ ಬಿಳೀ ಬತ್ತಿಗೆ ಕ್ರೇಪ್ ಕಾಗದ ಸುತ್ತಿದ್ದಳು, ಬೆಂಕಿ ತಾಗದ ಹಾಗೆ ಬುಡದಲ್ಲಿ ಮಾತ್ರ. 1839ರಲ್ಲಿ ಹ್ಯಾಂಬರ್ಗ್‌ನಲ್ಲಿ ಬಡಮಕ್ಕಳ ಮನೆ ನಡೆಸುತ್ತಿದ್ದ ಯೋಹಾನ್ ವಿಖೆರ್ನ್, 'ಕ್ರಿಸ್ಮಸ್ ಯಾವಾಗ' ಅಂತ ಮಕ್ಕಳು ದಿನಾ ಪೀಡಿಸಿದ್ದಕ್ಕೆ ಬಂಡಿಚಕ್ರದ ಮೇಲೆ ಮೇಣದಬತ್ತಿ ನಿಲ್ಲಿಸಿದ್ದೇ ಇದರ ಶುರುವಂತೆ. ಕಾಯೋಕಾಗದವರಿಗೆ ಅಂತಲೇ ಮಾಡಿದ್ದು, ನೋಡಿ.

ಅಲ್ಲಿವರೆಗೆ ನನ್ನ ಪ್ರಾರ್ಥನೆ ಅಂದರೆ ಕೆಲಸಕ್ಕೆ ಅರ್ಜಿ ಹಾಕಿದ ಹಾಗೆ. ಅವತ್ತು ಯೊವಾನ್ನನ ಪ್ರಶ್ನೆಯನ್ನೇ ಬಾಯಿಬಿಟ್ಟು ಕೇಳಿದೆ. ಅಮ್ಮ ಒಮ್ಮೆ ತಿರುಗಿ ನೋಡಿ ಜಪಸರ ಮುಂದುವರಿಸಿದಳು. ಆಮೇಲೆ ಆ ದಿನ ಕಂಡದ್ದು, ಕೇಳಿದ್ದು ಹೇಳುತ್ತಾ ಹೋದೆ. ಚರ್ಚಿನ ಹಾಡಿನ ಗುಂಪಿನ ಹುಡುಗನೊಬ್ಬ 'ಅಣ್ಣಾ, ಬಯೋಡೇಟಾ ಕಳಿಸಿ' ಅಂದದ್ದು. ದುಡ್ಡಿಲ್ಲದಿದ್ದರೂ ಹಬ್ಬದ ತಿಂಡಿ ಕಲ್‌ಕಲ್ ಮಾಡೇ ಮಾಡ್ತೀನಿ ಅಂತ ಅಮ್ಮ ಹಟ ಹಿಡಿದದ್ದು. ಸಿಟ್ಟು ಬಂದದ್ದನ್ನೂ ಹೇಳಿದೆ. ದೇವರು ಪಕ್ಕದಲ್ಲೇ ಬಂದು ಕೂತ ಅಂದರೆ ದೊಡ್ಡ ಮಾತಾದೀತು. ಆದರೆ ತುಂಬಾ ದಿನದ ಮೇಲೆ ಅವನ ಹತ್ತಿರ ಮಾತಾಡುತ್ತಾ ಇದ್ದೆ, ಎದ್ದು ಹೋಗಬೇಕು ಅನ್ನಿಸಲಿಲ್ಲ.

ಕೊನೆಗೆ ಅಮ್ಮನೇ ಎಬ್ಬಿಸಿದಳು. "ಮುಗೀತೇನೋ? ಏಳು, ರಾಗಿ ನೆನೆಸಬೇಕು. ಹಬ್ಬದೊಳಗೆ ಬಾಲಯೇಸುವಿನ ಗೋದಲಿಗೆ ಪೈರು ಬೇಡ್ವಾ?"