ಬೊಚ್ಚುಬಾಯಿ ಮುದುಕನನ್ನು ಕಟ್ಟಿದ ನಟ: ಮೂರ್ ಮ್ಯಾರಿಯಟ್

1937ರ ಬ್ರಿಟಿಷ್ ಹಾಸ್ಯಚಿತ್ರ 'ಓ, ಮಿಸ್ಟರ್ ಪೋರ್ಟರ್!'ನ ಮೂವರು ಮುಖ್ಯ ನಟರ ವಯಸ್ಸನ್ನು ಮೊದಲು ಗಮನಿಸಿ. ಸ್ಟೇಷನ್ ಮಾಸ್ಟರ್ ಪಾತ್ರದ ಹಾಸ್ಯನಟ ವಿಲ್ ಹೇ ಅವರಿಗೆ 48. ದಪ್ಪ ಹುಡುಗ ಆಲ್ಬರ್ಟ್ ಆಗಿರುವ ಗ್ರಹಾಂ ಮೊಫ್ಯಾಟ್‌ಗೆ 17. ಇನ್ನು ಹಣ್ಣುಹಣ್ಣು ಮುದುಕ ಹಾರ್‌ಬಾಟಲ್ ಆಗಿರುವ ಮೂರ್ ಮ್ಯಾರಿಯಟ್‌ಗೆ 51. ತೆರೆಯ ಮೇಲೆ ವಿಲ್ ಹೇ ಅವರಿಗಿಂತ ಮೂವತ್ತು ವರ್ಷ ದೊಡ್ಡವನಂತೆ ಕಾಣುವ ಈ ಮನುಷ್ಯ ನಿಜದಲ್ಲಿ ದೊಡ್ಡವನಾಗಿದ್ದದ್ದು ಮೂರೇ ವರ್ಷ.

ಪುಣೆಯಲ್ಲಿ ಹಳೆಯ ಚಿತ್ರಗಳನ್ನು ಕೂಡಿ ನೋಡುವ ಕನ್ನಡದವರ ನಡುವೆ ವಿಲ್ ಹೇ ಚಿತ್ರ ಹಾಕಿದಾಗಲೆಲ್ಲ ಬರುವ ಪ್ರಶ್ನೆ ಒಂದೇ: 'ಆ ಅಜ್ಜ ಯಾರು?' ಇಡೀ ಉತ್ತರ ಒಂದೇ ಕಡೆ ಸಿಗಲಿ ಎಂದು ಈ ಬರಹ. ಚಿತ್ರ ಹಾಕುವವರಿಗೂ ಮುದುಕನ ಪಾತ್ರ ಮಾಡುವ ನಮ್ಮ ಹವ್ಯಾಸಿ ನಟರಿಗೂ ಇದರಲ್ಲಿ ಕೆಲಸಕ್ಕೆ ಬರುವ ಸಂಗತಿಗಳಿವೆ.

ಮ್ಯಾರಿಯಟ್ ಹುಟ್ಟಿದ್ದು 1885ರ ಸೆಪ್ಟೆಂಬರ್ 14ರಂದು, ಲಂಡನ್ನಿನ ಪಶ್ಚಿಮಕ್ಕಿರುವ ವೆಸ್ಟ್ ಡ್ರೇಟನ್ ಭಾಗದಲ್ಲಿ. ಮನೆತನವೇ ನಾಟಕದವರದು, ಬಾಲ್ಯದಲ್ಲೇ ರಂಗ ಹತ್ತಿದವರು. 1912ರಿಂದ ಸಿನಿಮಾ. ಅಲ್ಲಿಂದ 1949ರಲ್ಲಿ ತೀರಿಕೊಳ್ಳುವವರೆಗೆ ನೂರರ ಆಸುಪಾಸು ಚಿತ್ರಗಳು, ಹೆಚ್ಚಿನವು ಪೋಷಕ ಪಾತ್ರಗಳು. ನಾಯಕನಾಗಿದ್ದು ಅಪರೂಪ. 1928ರ 'ಸ್ವೀನಿ ಟಾಡ್' ಮೂಕಿ ಚಿತ್ರದಲ್ಲಿ ಕೊಲೆಗಾರ ಕ್ಷೌರಿಕನ ಮುಖ್ಯಪಾತ್ರ ಅವರದೇ. ಅವರನ್ನು ಬರೀ ನಗಿಸುವ ಅಜ್ಜ ಎಂದುಕೊಂಡವರು ಅದನ್ನೊಮ್ಮೆ ನೋಡಬೇಕು.

ಮೂಕಿ ಕಾಲದಲ್ಲಿ ನಡುವಯಸ್ಸಿನವನು ಮುದುಕನಾಗುವುದು ಒಂದು ರೀತಿಯಲ್ಲಿ ಸುಲಭವಿತ್ತು. ಕಾರಣ ಫಿಲ್ಮ್. 1920ರ ದಶಕದ ನಡುಭಾಗದವರೆಗೆ ಸ್ಟುಡಿಯೊಗಳಲ್ಲಿ ಬಳಕೆಯಲ್ಲಿದ್ದದ್ದು ಆರ್ಥೋಕ್ರೊಮ್ಯಾಟಿಕ್ ಫಿಲ್ಮ್. ಅದಕ್ಕೆ ಕೆಂಪು ಬಣ್ಣ ಕಾಣುವುದಿಲ್ಲ. ಕೆಂಪೆಲ್ಲ ಕಪ್ಪಾಗಿ, ನೀಲಿಯೆಲ್ಲ ಬಿಳಿಯಾಗಿ ಮೂಡುತ್ತದೆ. ಚರ್ಮದ ಕೆಂಪು ಕಲೆ, ಕಣ್ಣಿನ ಕೆಳಗಿನ ಗೆರೆ ಎಲ್ಲವೂ ಎದ್ದು ಕಾಣುತ್ತವೆ. ನಾಯಕಿಗೆ ಇದು ಕಂಟಕ, ಮುದುಕನ ಪಾತ್ರಧಾರಿಗೆ ವರ. ಕಂದುಗೆಂಪು ಪೆನ್ಸಿಲಿನ ಒಂದು ತೆಳು ಗೆರೆ ಸಾಕು, ತೆರೆಯ ಮೇಲೆ ಆಳವಾದ ಸುಕ್ಕು. ಆದರೆ ಕೈ ಸ್ವಲ್ಪ ಜಾಸ್ತಿಯಾದರೆ ಮುಖದ ತುಂಬ ಮಸಿ ಬಳಿದಂತೆ ಆಗುತ್ತಿತ್ತು. ಆ ಕಾಲದ ಎಷ್ಟೋ ಚಿತ್ರಗಳಲ್ಲಿ ಕಾಣುವ ಎಣ್ಣೆಮಸಿಯ ಅಜ್ಜಂದಿರ ಗುಟ್ಟು ಇದೇ.

ದಶಕದ ಕೊನೆಗೆ ಎರಡು ಬದಲಾವಣೆ ಒಟ್ಟೊಟ್ಟಿಗೇ ಬಂದವು. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್ ಬಂತು, ಮಾತು ಬಂತು. ಮಾತಿನ ಚಿತ್ರೀಕರಣಕ್ಕೆ ಗುಂಯ್‌ಗುಡುವ ಆರ್ಕ್ ದೀಪಗಳು ಆಗಿಬರಲಿಲ್ಲ. ಟಂಗ್‌ಸ್ಟನ್ ಬಲ್ಬಿನ ದೀಪಗಳು ಬಂದವು. ಈ ಬೆಳಕಿನಲ್ಲಿ, ಈ ಫಿಲ್ಮಿನ ಮೇಲೆ, ಪೆನ್ಸಿಲಿನ ಸುಕ್ಕು ಪೆನ್ಸಿಲಿನ ಗೆರೆಯಾಗಿಯೇ ಕಾಣತೊಡಗಿತು. ಬಣ್ಣವನ್ನು ನೆಚ್ಚಿಕೊಂಡ ನಟರು ಇಲ್ಲಿ ಎಡವಿದರು. ಮ್ಯಾರಿಯಟ್ ನೆಚ್ಚಿದ್ದು ಬಾಯನ್ನು.

ಅವರ ಬಳಿ ನಾಲ್ಕು ಬೇರೆಬೇರೆ ಕಟ್ಟಿಸಿದ ಹಲ್ಲಿನ ಸೆಟ್‌ಗಳಿದ್ದವು, ಪಾತ್ರಕ್ಕೆ ತಕ್ಕಂತೆ ಬದಲಿಸುತ್ತಿದ್ದರು. ಹಾರ್‌ಬಾಟಲ್‌ಗೆ ಯಾವುದೂ ಇಲ್ಲ, ಬರೀ ಬೊಚ್ಚುಬಾಯಿ. ಇದರ ಪರಿಣಾಮ ಎಷ್ಟು ದೊಡ್ಡದು ಎನ್ನುವುದು ಮುಖದ ರಚನೆ ಗೊತ್ತಿದ್ದವರಿಗೆ ತಿಳಿಯುತ್ತದೆ. ಮೇಲಿನ ಹಲ್ಲು ಕೆಳಗಿನ ಹಲ್ಲು ಸೇರಿ ದವಡೆಗಳನ್ನು ದೂರ ಹಿಡಿದಿರುತ್ತವೆ. ಅವು ಹೋದರೆ ಗದ್ದ ಮೂಗಿನ ಕಡೆಗೆ ಏರುತ್ತದೆ, ಮುಖದ ಕೆಳಭಾಗ ಗಿಡ್ಡವಾಗುತ್ತದೆ. ಆಸರೆಯಿಲ್ಲದ ತುಟಿ ಒಳಗೆ ಮಡಚುತ್ತದೆ, ಕೆನ್ನೆ ಕುಸಿಯುತ್ತದೆ, ಬಾಯಿಯ ಸುತ್ತ ನಿಜವಾದ ಸುಕ್ಕು ತಾನಾಗಿ ಬೀಳುತ್ತದೆ. ಇದಾವುದನ್ನೂ ಬಣ್ಣದಲ್ಲಿ ಬರೆಯಬೇಕಾಗಿಲ್ಲ. ಬೆಳಕು ಯಾವ ಕಡೆಯಿಂದ ಬಿದ್ದರೂ, ಕ್ಯಾಮೆರಾ ಎಷ್ಟೇ ಹತ್ತಿರ ಬಂದರೂ ಕೆಡುವುದಿಲ್ಲ.

ಮಾತಿನ ಮೇಲೆ ಆಗುವ ಪರಿಣಾಮ ಇನ್ನೂ ಸ್ವಾರಸ್ಯದ್ದು. ಇಂಗ್ಲಿಷಿನ ಟ, ಡ ಧ್ವನಿಗಳಿಗೆ ನಾಲಗೆ ತಾಗುವುದು ಹಲ್ಲಿನ ಹಿಂದಿನ ಒಸಡಿನ ದಿಬ್ಬಕ್ಕೆ. ಹಲ್ಲಿಲ್ಲದಿದ್ದರೂ ಅವು ಬದುಕುತ್ತವೆ. ಫ, ವ ಧ್ವನಿಗಳಿಗೆ ಮೇಲಿನ ಹಲ್ಲು ಬೇಕು, ಸ ಧ್ವನಿಗೆ ಗಾಳಿ ಹಾಯುವ ಅಂಚು ಬೇಕು, ಇವು ಮೆತ್ತಗಾಗುತ್ತವೆ. ಅಂದರೆ ಮ್ಯಾರಿಯಟ್ ಬೊಚ್ಚುಬಾಯಿಯಲ್ಲಿ ಆಡಿದ ಮಾತು ತೊದಲಿದಂತೆ ಕೇಳಿಸಿದರೂ ಅರ್ಥ ಪೂರ್ತಿ ಕೆಡುವುದಿಲ್ಲ. ಕನ್ನಡದಲ್ಲಿ ಲೆಕ್ಕ ಬೇರೆ. ನಮ್ಮ ತ, ದ ನೇರವಾಗಿ ಹಲ್ಲಿಗೇ ತಾಗುವಂಥವು. ಇಲ್ಲಿನ ಕನ್ನಡ ಬಳಗಗಳ ನಾಟಕದಲ್ಲಿ ತುಟಿಯನ್ನು ಹಲ್ಲಿನ ಮೇಲೆ ಮಡಚಿಕೊಂಡು ಅಜ್ಜನ ಮಾತಾಡಿದರೆ ಎರಡನೆಯ ಸಾಲಿನಿಂದಾಚೆ ಏನೂ ತಿಳಿಯದು. ಹಾಗೆ ಮಾಡಲೇಬೇಕಿದ್ದರೆ ಮಾತಿಲ್ಲದ ಕ್ಷಣಗಳಲ್ಲಿ ಮಾತ್ರ ತುಟಿ ಮಡಚಿ. ಸಂಭಾಷಣೆಯಲ್ಲಿ ತ, ದ, ಸ ಹೆಚ್ಚಿರುವ ಸಾಲುಗಳನ್ನು ಬಿಡಿಸಿ, ನಿಧಾನವಾಗಿ ಹೇಳಿ. ತಲೆಗೆ ಬಿಳಿ ಪೌಡರ್ ಸುರಿಯುವುದನ್ನಂತೂ ದಯವಿಟ್ಟು ಬಿಡಿ. ಬೆವರಿಗೆ ಅದು ಕರಗಿ ಹಣೆಗಿಳಿಯುತ್ತದೆ, ಸ್ಪಾಟ್‌ಲೈಟಿನಲ್ಲಿ ಧೂಳಾಗಿ ಹಾರುತ್ತದೆ.

ಹಾರ್‌ಬಾಟಲ್‌ನ ವಿರಳ ಗಡ್ಡದಂಥದ್ದು ಬೇಕೆನ್ನುವವರಿಗೆ ಹಳೆಯ ವಿಧಾನ ಇದು. ವೇಷಕ್ಕೆಂದೇ ಜಡೆಯಾಗಿ ಬರುವ ಕ್ರೇಪ್ ಕೂದಲನ್ನು ಬಿಚ್ಚಿ ಒದ್ದೆ ಮಾಡಿ, ಎಳೆದು ಕಟ್ಟಿ ಒಂದು ರಾತ್ರಿ ಒಣಗಲು ಬಿಡಬೇಕು. ಇಲ್ಲದಿದ್ದರೆ ಗುಂಗುರು ಹೋಗುವುದಿಲ್ಲ. ಮುಖದ ಎಣ್ಣೆಯನ್ನು ಪೂರ್ತಿ ಒರೆಸಿ, ಸ್ಪಿರಿಟ್ ಗಮ್ ಎಂಬ ವೇಷದ ಅಂಟನ್ನು ತೆಳುವಾಗಿ ಹಚ್ಚಿ, ಬೆರಳಿಗೆ ಅಂಟುವಷ್ಟು ಆರಿದ ಮೇಲೆ ಗದ್ದದ ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಪದರ ಪದರವಾಗಿ ಕೂರಿಸಬೇಕು. ಹಸಿ ಗಮ್ಮಿನ ಮೇಲೆ ಒತ್ತಿದರೆ ಕೂದಲು ಜಾರುತ್ತದೆ. ಮೊದಲು ಏಳುವುದು ತುಟಿಯ ಮೂಲೆ, ಮಾತಾಡುವಾಗ ಅಲ್ಲೇ ಹೆಚ್ಚು ಚಲನೆ. ಅದಕ್ಕೇ ಅಲ್ಲಿ ಎರಡು ಮಿಲಿಮೀಟರ್ ಜಾಗ ಖಾಲಿ ಬಿಡುವುದು ಒಳ್ಳೆಯದು.

ಮತ್ತೆ ಮ್ಯಾರಿಯಟ್ ಕಡೆಗೆ. ಮೂಕಿಯಿಂದ ಟಾಕಿಗೆ ಅವರು ದಾಟಿದ್ದನ್ನು ಒಂದೇ ಚಿತ್ರದಲ್ಲಿ ನೋಡಬಹುದು. 1929ರ 'ದಿ ಫ್ಲೈಯಿಂಗ್ ಸ್ಕಾಟ್ಸ್‌ಮನ್' ಮೂಕಿಯಾಗಿ ಶುರುವಾಗಿ ನಡುವೆ ಮಾತಿಗೆ ತಿರುಗುತ್ತದೆ. ಮ್ಯಾರಿಯಟ್ ಇಲ್ಲಿ ನಿವೃತ್ತಿಯ ಅಂಚಿನಲ್ಲಿರುವ ಎಂಜಿನ್ ಡ್ರೈವರ್ ಬಾಬ್. ಕುಡುಕ ಫೈರ್‌ಮನ್ ಒಬ್ಬನ ಮೇಲೆ ದೂರು ಕೊಟ್ಟು, ಅವನ ಹಗೆ ಕಟ್ಟಿಕೊಂಡು, ಕೊನೆಯ ಓಟಕ್ಕೆ ಹೊರಡುವವನು. ಜೊತೆಗೆ ಇನ್ನೂ ಹೆಸರು ಮಾಡದ ರೇ ಮಿಲ್ಯಾಂಡ್. ಎಂಜಿನ್ ಚಿತ್ರದ ಹೆಸರಿನದೇ, 4472 ನಂಬರಿನ ಹೆಸರಾಂತ ಎಂಜಿನ್, ಅಸಲಿಯದೇ. ನೋಡಬೇಕಾದದ್ದು ಇಷ್ಟು: ಮೂಕಿ ಭಾಗದಲ್ಲಿ ಕೈ, ಹುಬ್ಬು ಎಲ್ಲ ದುಡಿಯುತ್ತವೆ. ಮಾತು ಬಂದ ಮೇಲೆ ಅದೇ ಪಾತ್ರದ ಕೈ ತಗ್ಗುತ್ತದೆ, ಕೆಲಸ ಗಂಟಲಿಗೆ ವರ್ಗವಾಗುತ್ತದೆ. ಆಗ ಅವರಿಗೆ ನಲವತ್ತು ದಾಟಿ ಮೂರ್ನಾಲ್ಕು ವರ್ಷ, ಅಷ್ಟೆ.

ಇಷ್ಟು ಕೆಲಸ ಹೇಗೆ ಸಿಕ್ಕಿತು? 1927ರ ಸಿನಿಮಾಟೋಗ್ರಾಫ್ ಫಿಲ್ಮ್ಸ್ ಕಾಯ್ದೆಯಿಂದ. ಬ್ರಿಟನ್ನಿನ ಚಿತ್ರಮಂದಿರಗಳು ಇಂತಿಷ್ಟು ಪಾಲು ಬ್ರಿಟಿಷ್ ಚಿತ್ರಗಳನ್ನು ತೋರಿಸಲೇಬೇಕು ಎಂದು ಅದು ವಿಧಿಸಿತು. ಶೇಕಡಾ 5ರಿಂದ ಶುರುವಾದ ಪಾಲು 1936ರ ಹೊತ್ತಿಗೆ ಶೇಕಡಾ 20ಕ್ಕೆ ಏರಿತು. ವಿತರಕರ ಮೇಲೂ ಅಂಥದೇ ಕಟ್ಟು. ಅಮೆರಿಕದ ಕಂಪನಿಗಳ ಶಾಖೆಗಳು ಕಾನೂನಿನ ಲೆಕ್ಕ ತುಂಬಿಸಲು ಅಗ್ಗದ ಚಿತ್ರಗಳನ್ನು ಮಾಡಿಸತೊಡಗಿದವು. ಇವೇ 'ಕೋಟಾ ಕ್ವಿಕಿ'ಗಳು. ಅಡಿಗೆ ಒಂದು ಪೌಂಡ್ ಎಂಬುದು ಬಾಯಿಮಾತಿನ ದರ. 35 ಎಂಎಂ ಟಾಕಿ ಚಿತ್ರ ನಿಮಿಷಕ್ಕೆ 90 ಅಡಿ ಓಡುತ್ತದೆ. 6,000 ಅಡಿ ಎಂದರೆ 66 ನಿಮಿಷ ಚಿಲ್ಲರೆ, ಖರ್ಚು 6,000 ಪೌಂಡ್. ಎರಡು ವಾರದ ಆಜೂಬಾಜಿನಲ್ಲಿ ಶೂಟಿಂಗ್ ಮುಗಿಯಬೇಕು. ರೀಟೇಕಿಗೆ ಫಿಲ್ಮೂ ಇಲ್ಲ, ಹೊತ್ತೂ ಇಲ್ಲ. ಅಂಥ ಕಡೆ ಮೊದಲ ಟೇಕಿನಲ್ಲೇ ಮುದುಕನಾಗಿ ಬಂದು ನಿಲ್ಲುವ ನಟನಿಗೆ ಬೆಲೆ ಬಾರದೆ ಇರುತ್ತದೆಯೇ? ಈ ಚಿತ್ರಗಳನ್ನು ಕಸ ಎಂದು ತಳ್ಳಿಹಾಕುವವರಿದ್ದಾರೆ. ಪೋಷಕ ನಟರ ಕಣ್ಣಿನಿಂದ ನೋಡಿದರೆ ಆ ತೀರ್ಪು ಅನ್ಯಾಯ. ಅವರ ಗರಡಿ ಅದೇ.

ಅದೇ 1937ರಲ್ಲಿ ನಮ್ಮ ಪುಣೆಯಲ್ಲಿ, ಇಂದು ಸಿನಿಮಾ ತರಬೇತಿ ಸಂಸ್ಥೆ ಎಫ್‌ಟಿಐಐ ಇರುವ ಜಾಗದ ಪ್ರಭಾತ್ ಸ್ಟುಡಿಯೊದಲ್ಲಿ, ಶಾಂತಾರಾಮರ 'ಕುಂಕೂ' ತಯಾರಾಯಿತು. ಅದರಲ್ಲಿ ವಯಸ್ಸಾದ ಗಂಡನ ಪಾತ್ರ ಮಾಡಿದ ಕೇಶವರಾವ್ ದಾತೆ ಹುಟ್ಟಿದ್ದು 1889ರಲ್ಲಿ, ಮ್ಯಾರಿಯಟ್‌ಗಿಂತ ನಾಲ್ಕು ವರ್ಷ ಚಿಕ್ಕವರು. ಪ್ರಭಾತ್‌ನ ಕಲಾವಿದರು ಕಂಪನಿಯ ಸಂಬಳದವರು. ನಮ್ಮ ನಾಟಕ ಕಂಪನಿಗಳ ಪದ್ಧತಿಯೂ ಅದೇ. ಚಿತ್ರದಿಂದ ಚಿತ್ರಕ್ಕೆ ಓಡಾಡಿ ಬದುಕಬೇಕಿದ್ದ ಮ್ಯಾರಿಯಟ್‌ಗೆ ಹಲ್ಲಿನ ಸೆಟ್ ನಾಲ್ಕು ಬೇಕಾದದ್ದು ಏಕೆಂದು ಇದರಿಂದ ಅರ್ಥವಾಗುತ್ತದೆ. ಬೇರೆ ಮುಖ ಇದ್ದರೆ ಬೇರೆ ಕೆಲಸ.

1936ರ 'ವಿಂಡ್‌ಬ್ಯಾಗ್ ದ ಸೇಲರ್'ನಿಂದ ಹೇ, ಮ್ಯಾರಿಯಟ್, ಮೊಫ್ಯಾಟ್ ತ್ರಿವಳಿ ಗೇನ್ಸ್‌ಬರೋ ಸಂಸ್ಥೆಯಲ್ಲಿ ಗಟ್ಟಿಯಾಯಿತು. 'ಓ, ಮಿಸ್ಟರ್ ಪೋರ್ಟರ್!' ನಿರ್ದೇಶಿಸಿದ್ದು ಮಾರ್ಸೆಲ್ ವಾರ್ನೆಲ್. ಕಥೆಯ ಸ್ಟೇಷನ್ ಐರ್ಲೆಂಡಿನದು, ಚಿತ್ರೀಕರಿಸಿದ್ದು ಹ್ಯಾಂಪ್‌ಶೈರಿನ ಕ್ಲಿಡೆಸ್ಡನ್‌ನಲ್ಲಿ. ಬೇಸಿಂಗ್‌ಸ್ಟೋಕ್–ಆಲ್ಟನ್ ಮಾರ್ಗ ಆಗಷ್ಟೇ ಮುಚ್ಚಿದ್ದರಿಂದ ಹಳಿ ಖಾಲಿ ಸಿಕ್ಕಿತು. ಉದ್ದ ಚಿಮಣಿಯ ಮುದಿ ಎಂಜಿನ್ 'ಗ್ಲಾಡ್‌ಸ್ಟನ್' ನಿಜದಲ್ಲಿ 1899ರ 'ನಾರ್ತಿಯಮ್', ಕೆಂಟ್ ಆ್ಯಂಡ್ ಈಸ್ಟ್ ಸಸೆಕ್ಸ್ ರೈಲ್ವೆಯಿಂದ ತಂದದ್ದು. ಚಿತ್ರದಲ್ಲಿ ಅದಕ್ಕೂ ಮ್ಯಾರಿಯಟ್‌ನಂತೆ ವಯಸ್ಸು ಕೂಡಿಸಿದ್ದಾರೆ. ಹಾರ್‌ಬಾಟಲ್ ಕುಗ್ಗಿ ಕೂತ ಅಜ್ಜನಲ್ಲ. ಜಗಳಗಂಟ, ಚುರುಕು, ಎದುರುತ್ತರಕ್ಕೆ ಸದಾ ಸಿದ್ಧ. ಮುದಿ ಮೈಯಲ್ಲಿ ಹುಡುಗನ ಜೀವ ಇಟ್ಟಿದ್ದೇ ಈ ಪಾತ್ರದ ಗೆಲುವು.

1940ರ 'ವೇರ್ಸ್ ದಟ್ ಫೈರ್?' ನಂತರ ಹೇ ಈಲಿಂಗ್ ಸ್ಟುಡಿಯೊಗೆ ಹೋದರು, ತ್ರಿವಳಿ ಮುಗಿಯಿತು. ಉಳಿದಿಬ್ಬರು ಹಾಸ್ಯನಟ ಆರ್ಥರ್ ಆಸ್ಕಿ ಜೊತೆ ಕೆಲವು ಚಿತ್ರ ಮಾಡಿದರು. ಅವನ್ನು ಮೊದಲೇ ನೋಡಬೇಕಿಲ್ಲ. 1943ರ 'ಮಿಲಿಯನ್ಸ್ ಲೈಕ್ ಅಸ್' ಮಾತ್ರ ಬಿಡಬಾರದು. ಹೆಣ್ಣುಮಕ್ಕಳು ಯುದ್ಧದ ಕೆಲಸಕ್ಕೆ ಹೊರಟುಹೋದ ಮನೆಯಲ್ಲಿ ಒಬ್ಬನೇ ಉಳಿಯುವ ತಂದೆಯ ಪಾತ್ರ ಅಲ್ಲಿ ಅವರದು. ಬೊಚ್ಚುಬಾಯಿಯ ಆಟವಿಲ್ಲ. ತನ್ನ ವಯಸ್ಸಿಗೆ ಹತ್ತಿರದ ಮನುಷ್ಯನನ್ನು ಅವರು ಎಷ್ಟು ಮಿತವಾಗಿ ಮಾಡಬಲ್ಲರು ಎಂಬುದು ಅಲ್ಲಿ ಗೊತ್ತಾಗುತ್ತದೆ.

ಹುಡುಕುವಾಗ ಹೆಸರಿನ ಎರಡು ಗೊಂದಲಗಳಿವೆ. ವಿಲ್ ಹೇ ಚಿತ್ರಗಳ ಬರಹಗಾರರ ಪಟ್ಟಿಯಲ್ಲಿ ಬರುವ ಮ್ಯಾರಿಯಟ್ ಎಡ್ಗರ್ ಬೇರೆ ವ್ಯಕ್ತಿ, ಆ ಚಿತ್ರಗಳಿಗೆ ಬರೆದವರು. ಹಾಗೆಯೇ ಗ್ರಹಾಂ ಮೊಫ್ಯಾಟ್ ಹೆಸರಿನ ಸ್ಕಾಟ್ಲೆಂಡಿನ ನಾಟಕಕಾರರೊಬ್ಬರಿದ್ದರು. ಇಂಗ್ಲಿಷಿನಲ್ಲಿ ಅವರ ಹೆಸರಿನ ಕೊನೆಗೆ ಒಂದು ಟಿ, ನಟನದಕ್ಕೆ ಎರಡು. ಮೂಕಿ ಕಾಲದ ಚಿತ್ರಗಳೆಲ್ಲ ಉಳಿದಿಲ್ಲ, ಬೇಗ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮಿನ ಸ್ವಭಾವ ಹಾಗೆ. 2003ರ ಜನವರಿಯಲ್ಲಿ ಇದೇ ಊರಿನಲ್ಲಿ ನೈಟ್ರೇಟ್ ಕೋಣೆ ಹೊತ್ತಿ ಉರಿದದ್ದು ಪುಣೆಯವರಿಗೆ ಹೊಸದಾಗಿ ಹೇಳಬೇಕಿಲ್ಲ.

ಇನ್ನು ಪ್ರದರ್ಶನದ ವಿಷಯ. ಮ್ಯಾರಿಯಟ್ ಚಿತ್ರ ತಪ್ಪಾಗಿ ಓಡಿಸಿದರೆ ಮೊದಲು ಕೆಡುವುದು ಅವರ ಅಭಿನಯವೇ.

ಮೂಕಿ ಚಿತ್ರದ ವೇಗ ಮೊದಲು ನೋಡಿ. ಅಡಿಗೆ 16 ಫ್ರೇಮು. 5,000 ಅಡಿಯ ಚಿತ್ರ ಸೆಕೆಂಡಿಗೆ 18ರಂತೆ ಓಡಿದರೆ 74 ನಿಮಿಷ, 24ರಂತೆ ಓಡಿದರೆ 55. ಇಂಟರ್ನೆಟ್ಟಿನಲ್ಲಿ ಸಿಗುವ ಎಷ್ಟೋ ಪ್ರತಿಗಳು 24ರವು. ಅದರಲ್ಲಿ ಅಜ್ಜನ ನಿಧಾನದ ಹೆಜ್ಜೆ ಕುಪ್ಪಳಿಸುವ ಹೆಜ್ಜೆಯಾಗುತ್ತದೆ. ಹಾಗೆ ಕಂಡರೆ ಪ್ಲೇಯರಿನಲ್ಲಿ ವೇಗವನ್ನು 0.75ರವರೆಗೆ ಇಳಿಸಿ ನೋಡಿ.

ಟಾಕಿ ಚಿತ್ರದಲ್ಲೂ ತೊಂದರೆ ಹೆಚ್ಚಾದ ವೇಗದ್ದೇ. ಬ್ರಿಟನ್ನಿನ ಡಿವಿಡಿಗಳು ಪ್ಯಾಲ್ ಪದ್ಧತಿಯವು, ಸೆಕೆಂಡಿಗೆ 25 ಫ್ರೇಮು. 85 ನಿಮಿಷದ ಚಿತ್ರ ಅದರಲ್ಲಿ 82 ನಿಮಿಷಕ್ಕೂ ಒಳಗೆ ಮುಗಿಯುತ್ತದೆ. ಶ್ರುತಿ ಸರಿಪಡಿಸದ ಡಿವಿಡಿಯಲ್ಲಿ ದನಿಯೂ ಏರುತ್ತದೆ, ಹಾರ್ಮೋನಿಯಂನ ಪಕ್ಕದ ಮನೆಗೆ ಮುಕ್ಕಾಲು ದೂರ. ಹಾರ್‌ಬಾಟಲ್‌ನ ಕೀರಲು ದನಿ ಮೊದಲೇ ಎತ್ತರದ್ದು. ಇನ್ನೂ ಏರಿದರೆ ಕಾರ್ಟೂನಾಗುತ್ತದೆ. ವಿಎಲ್‌ಸಿಯಲ್ಲಿ ವೇಗ 0.96 ಮಾಡಿ, ಆಡಿಯೊ ಸೆಟ್ಟಿಂಗಿನಲ್ಲಿ ಟೈಮ್ ಸ್ಟ್ರೆಚಿಂಗ್ ಗುರುತನ್ನು ತೆಗೆಯಿರಿ. ತೆಗೆಯದಿದ್ದರೆ ವೇಗ ಇಳಿದರೂ ಶ್ರುತಿ ಇಳಿಯುವುದಿಲ್ಲ.

ಕೊನೆಯದು ಚೌಕಟ್ಟು. ಈ ಚಿತ್ರಗಳ ಅಗಲ-ಎತ್ತರ ಹೆಚ್ಚುಕಡಿಮೆ 4:3. ಟಿವಿಯೋ ಪ್ರೊಜೆಕ್ಟರೋ 16:9ಕ್ಕೆ ಎಳೆದರೆ ಅಗಲ ಮೂರನೇ ಒಂದು ಪಾಲು ಹಿಗ್ಗುತ್ತದೆ, ಹಲ್ಲು ತೆಗೆದು ಕಷ್ಟಪಟ್ಟು ಕುಸಿಸಿದ ಕೆನ್ನೆ ಮತ್ತೆ ತುಂಬಿಕೊಳ್ಳುತ್ತದೆ. ಎರಡೂ ಬದಿ ಕಪ್ಪು ಪಟ್ಟಿ ಬಂದರೆ ಯಾರಾದರೂ 'ಪೂರ್ತಿ ಸ್ಕ್ರೀನ್ ಮಾಡ್ರೀ' ಅಂದೇ ಅನ್ನುತ್ತಾರೆ. ಮಾಡಬೇಡಿ.

ನೋಡುವ ಕ್ರಮ: ಮೊದಲು 'ಓ, ಮಿಸ್ಟರ್ ಪೋರ್ಟರ್!', ಆಮೇಲೆ 'ಫ್ಲೈಯಿಂಗ್ ಸ್ಕಾಟ್ಸ್‌ಮನ್', ಆಮೇಲೆ 'ಮಿಲಿಯನ್ಸ್ ಲೈಕ್ ಅಸ್'. ಕೊನೆಗೆ 1946ರ 'ಗ್ರೀನ್ ಫಾರ್ ಡೇಂಜರ್'. ಅದರಲ್ಲಿ ಅವರು ಆಪರೇಷನ್ ಟೇಬಲ್ಲಿನ ಮೇಲೆ ಸಾಯುವ ಅಂಚೆಯವನು. ಪಾತ್ರ ಚಿಕ್ಕದು, ಆದರೆ ಇಡೀ ಪತ್ತೇದಾರಿ ನಿಂತಿರುವುದು ಆ ಸಾವಿನ ಮೇಲೆ. ತಡವಾಗಿ ಬಂದವರಿಗೆ ಅವರು ಸಿಗುವುದಿಲ್ಲ, ಮೊದಲ ರೀಲಿನಿಂದಲೇ ಕೂಡಬೇಕು.