ಜೇನುತುಪ್ಪ ಎಡಕ್ಕೆ, ಬೆಲ್ಲದ ಪಾಕ ಬಲಕ್ಕೆ

ಹೋದ ತಿಂಗಳು ಅತ್ತೆ ಊರಿಂದ ದಾವಣಗೆರೆಗೆ ಬರುವಾಗ ದಾರಿ ಬದಿಯಲ್ಲಿ ಒಂದು ಬಾಟಲಿ ಜೇನುತುಪ್ಪ ಕೊಂಡು ತಂದರು. ಅಪ್ಪ ಒಂದು ಚಮಚ ನೆಕ್ಕಿ "ಇದು ಬೆಲ್ಲದ ಪಾಕ" ಅಂದುಬಿಟ್ಟರು. ಅತ್ತೆಗೆ ಸಿಟ್ಟು. ಬೆಂಕಿಕಡ್ಡಿ ಅದ್ದಿ ಗೀರಿದ್ದಾಯ್ತು, ಲೋಟದ ನೀರಿಗೆ ಬಿಟ್ಟು ನೋಡಿದ್ದಾಯ್ತು. ಗಟ್ಟಿ ಪಾಕ ಕಾಸಿದರೆ ಅದೂ ಲೋಟದ ತಳಕ್ಕೆ ನೇರ ಇಳಿಯುತ್ತದೆ, ನಾನೇ ಮಾಡಿ ತೋರಿಸಿದೆ. ಜಗಳ ಮುಗಿಯಲಿಲ್ಲ. ಅದಕ್ಕೇ ಈ ಪೋಲರಿಮೀಟರ್, ಅಂದರೆ ದ್ರವ ಬೆಳಕನ್ನು ಎಷ್ಟು ತಿರುಗಿಸುತ್ತದೆ ಅಂತ ಅಳೆಯುವ ಸಾಧನ, ಮಾಡುವ ಕೆಲಸಕ್ಕೆ ಕೈಹಾಕಿದ್ದು.

ವಿಷಯ ಸರಳ. ಪೋಲರೈಸರ್ ಹಾಳೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಆಚೆ ಬಿಡುತ್ತದೆ. ಎರಡು ಹಾಳೆ ಅಡ್ಡಡ್ಡ ಹಿಡಿದರೆ ಕತ್ತಲು. ನಡುವೆ ಸಕ್ಕರೆ ನೀರು ಇಟ್ಟರೆ ಮತ್ತೆ ಬೆಳಕು ಕಾಣುತ್ತದೆ, ಯಾಕೆಂದರೆ ಸಕ್ಕರೆ ಆ ಕಂಪನದ ದಿಕ್ಕನ್ನೇ ತಿರುಗಿಸುತ್ತದೆ. ಕಣ್ಣಿನ ಕಡೆಯ ಹಾಳೆಯನ್ನು ಎಷ್ಟು ಡಿಗ್ರಿ ತಿರುಗಿಸಿದರೆ ಪುನಃ ಕತ್ತಲಾಯ್ತು ಅನ್ನೋದೇ ಲೆಕ್ಕ. ದ್ರವಗಳೂ ಹೀಗೆ ಮಾಡುತ್ತವೆ ಎಂದು 1815ರಲ್ಲಿ ಕಂಡುಕೊಂಡವರು ಫ್ರಾನ್ಸಿನ ಭೌತವಿಜ್ಞಾನಿ ಬಿಯೋ. ಸಕ್ಕರೆ ಕಾರ್ಖಾನೆಗಳ ಲ್ಯಾಬಿನಲ್ಲಿ ಕಬ್ಬಿನ ರಸದ 'ಪೋಲ್', ಅಂದರೆ ಸಕ್ಕರೆ ಅಂಶ, ನೋಡುವುದೂ ಇದೇ ಉಪಾಯದಿಂದ.

ನಮಗೆ ಬೇಕಾದ್ದು ಇಷ್ಟು: ಸಕ್ಕರೆ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ, ಗ್ಲೂಕೋಸ್ ಕೂಡ ಬಲಕ್ಕೆ. ಫ್ರಕ್ಟೋಸ್ ಅನ್ನೋ ಇನ್ನೊಂದು ಬಗೆಯ ಸಕ್ಕರೆ ಎಡಕ್ಕೆ, ಅದೂ ಜೋರಾಗಿ. ಜೇನುತುಪ್ಪದಲ್ಲಿ ಫ್ರಕ್ಟೋಸ್ ಜಾಸ್ತಿ, ಹಾಗಾಗಿ ಒಟ್ಟಾರೆ ಎಡಕ್ಕೆ. ಬೆಲ್ಲದ ಪಾಕದಲ್ಲಿ ಮಾಮೂಲಿ ಸಕ್ಕರೆಯೇ ಜಾಸ್ತಿ, ಹಾಗಾಗಿ ಬಲಕ್ಕೆ.

ಮೊದಲ ವಾರ ಪೂರ್ತಿ ವೇಸ್ಟ್. 20 ಸೆಂಟಿಮೀಟರ್ ಪಿವಿಸಿ ಪೈಪ್ ಕತ್ತರಿಸಿ, ಎರಡೂ ತುದಿಗೆ ಸ್ವೀಟ್ ಡಬ್ಬದ ಪಾರದರ್ಶಕ ಮುಚ್ಚಳ ಕತ್ತರಿಸಿ ಅಂಟಿಸಿದ್ದೆ. ಖಾಲಿ ನೀರು ತುಂಬಿದರೂ ಕತ್ತಲೇ ಆಗಲಿಲ್ಲ. ಹಾಳೆ ತಿರುಗಿಸಿದಷ್ಟೂ ನವಿಲುಗರಿ ಬಣ್ಣ! ಅಚ್ಚೊತ್ತಿದ ಪ್ಲಾಸ್ಟಿಕ್ ಒಳಗಿನ ಎಳೆತದಿಂದ ತಾನೇ ಬೆಳಕಿನ ಕಂಪನ ಕೆಡಿಸುತ್ತದೆ ಅನ್ನೋದು ಆಮೇಲೆ ಹೊಳೆಯಿತು. ಫೋಟೋ ಫ್ರೇಮ್ ಅಂಗಡಿಯಲ್ಲಿ ಎರಡು ಗಾಜಿನ ಚೂರು ಕೊಯ್ಸಿಕೊಂಡು ಬಂದೆ. ಸಿಲಿಕೋನ್ ಹಚ್ಚಿ ಒಂದು ರಾತ್ರಿ ಒಣಗಿಸಿದೆ. ಈಗ ಸೋರುವುದಿಲ್ಲ. ಮೇಲ್ಗಡೆ ಸಣ್ಣ ತೂತು, ಅದಕ್ಕೆ ಕಾರ್ಕು.

ಬೆಳಕಿಗೆ ಮೊಬೈಲೇ ಸಾಕು. ನನ್ನ ಫೋನಿನ ಪರದೆಯಿಂದ ಬರುವ ಬೆಳಕು ಮೊದಲೇ ಪೋಲರೈಸ್ ಆಗಿರುತ್ತದೆ. ಪರದೆ ತುಂಬಾ ಬರೀ ಹಸಿರು ಬಣ್ಣದ ಚಿತ್ರ ಹಾಕಿ, ಅದರ ಮೇಲೆ ಪೈಪ್ ನೆಟ್ಟಗೆ ನಿಲ್ಲಿಸಿದೆ. ಮೇಲಿನ ಹಾಳೆ ಕೆಟ್ಟುಹೋದ ಕ್ಯಾಲ್ಕುಲೇಟರಿನ ಪರದೆಯಿಂದ ಕಿತ್ತದ್ದು. ಅದನ್ನು ಒಂದು ಬಾಟಲಿ ಮುಚ್ಚಳಕ್ಕೆ ಅಂಟಿಸಿ, ಕೆಳಗೆ ಕೋನಮಾಪಕದ ಪ್ರಿಂಟ್ ಇಟ್ಟೆ.

ಆದರೆ ಕಣ್ಣಿಗೆ 'ಅತಿ ಕತ್ತಲು' ಎಲ್ಲಿ ಅಂತ ಹೇಳೋದು ಬಲು ಕಷ್ಟ. ಒಂದೇ ಸಕ್ಕರೆ ನೀರಿಗೆ ಒಮ್ಮೆ 13 ಡಿಗ್ರಿ, ಒಮ್ಮೆ 17. ಇದಕ್ಕೊಂದು ಹಳೇ ಉಪಾಯವಿದೆ. ಪೈಪಿನ ಬುಡದಲ್ಲಿ ಅರ್ಧ ಭಾಗಕ್ಕೆ ಮಾತ್ರ ಇನ್ನೊಂದು ಚೂರು ಪೋಲರೈಸರ್ ಹಾಳೆ, ಏಳೆಂಟು ಡಿಗ್ರಿ ಓರೆಯಾಗಿ ಅಂಟಿಸಿದೆ. ಈಗ ಮೇಲಿಂದ ನೋಡಿದರೆ ವೃತ್ತ ಎರಡು ಹೋಳಾಗಿ ಕಾಣುತ್ತದೆ. ಎಡ ಹೋಳು ಕಪ್ಪಾದಾಗ ಬಲ ಹೋಳು ಮಸುಕು ಹಸಿರು, ಸ್ವಲ್ಪ ತಿರುಗಿಸಿದರೆ ಉಲ್ಟಾ. ಎರಡೂ ಒಂದೇ ಮಬ್ಬಾಗಿ ನಡುವಿನ ಗೆರೆ ಮಾಯವಾಗುವ ಜಾಗವೇ ರೀಡಿಂಗ್. ಗೆರೆ ಮಾಯವಾಯಿತಾ ಇಲ್ಲವಾ ಅನ್ನೋದನ್ನು ಕಣ್ಣು ಥಟ್ಟನೆ ಹೇಳುತ್ತದೆ. ಈಗ ಅರ್ಧ ಡಿಗ್ರಿ ಆಚೆ ಈಚೆ, ಅಷ್ಟೇ.

ಅದಾದ ಮೇಲೂ ಒಂದು ತಲೆನೋವು. 100 ಮಿಲಿಯಲ್ಲಿ 10 ಗ್ರಾಂ ಸಕ್ಕರೆ, 20 ಸೆಂಟಿಮೀಟರ್ ಉದ್ದ. ಪುಸ್ತಕದ ಲೆಕ್ಕದಲ್ಲಿ 13.3 ಡಿಗ್ರಿ ಬರಬೇಕು. ನನಗೆ ಬಂದದ್ದು 16. ತಕ್ಕಡಿ ಬದಲಿಸಿದೆ, ನೀರು ಬದಲಿಸಿದೆ, ಮತ್ತೆ 16. ಅಮ್ಮ ಸಕ್ಕರೆ ಡಬ್ಬ ಎತ್ತಿಟ್ಟರು. ಆಮೇಲೆ ಗೊತ್ತಾಯ್ತು, ಪುಸ್ತಕದ ಲೆಕ್ಕ ಸೋಡಿಯಂ ದೀಪದ 589 ನ್ಯಾನೋಮೀಟರ್ ಹಳದಿಗೆ. ಅಲೆಯುದ್ದ ಕಡಿಮೆಯಾದಷ್ಟೂ ತಿರುಗುವಿಕೆ ಜಾಸ್ತಿ, ನನ್ನದು ಹಸಿರು. ತಪ್ಪೇ ಇರಲಿಲ್ಲ! 5 ಗ್ರಾಂ ಹಾಕಿದೆ, 8 ಬಂತು. 20 ಗ್ರಾಂಗೆ 32. ಇಷ್ಟು ನೇರ ಬರುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ.

ಮೊನ್ನೆ ಭಾನುವಾರ ಜೇನಿನ ಸರದಿ. ಚನ್ನಗಿರಿ ಕಡೆ ಅಡಿಕೆ ತೋಟದಲ್ಲಿ ಪೆಟ್ಟಿಗೆ ಇಟ್ಟಿರುವ ಗೆಳೆಯನೊಬ್ಬ ಕಣ್ಣೆದುರೇ ತೆಗೆದುಕೊಟ್ಟ ತುಪ್ಪ ಒಂದು, ಅತ್ತೆಯ ಬಾಟಲಿ ಇನ್ನೊಂದು. ಎರಡನ್ನೂ 20 ಗ್ರಾಂ ತೂಗಿ, ನೀರು ಬೆರೆಸಿ 100 ಮಿಲಿ ಮಾಡಿ, ಕಾಫಿ ಫಿಲ್ಟರ್ ಪೇಪರಿನಲ್ಲಿ ಸೋಸಿ ರಾತ್ರಿಯಿಡೀ ಬಿಟ್ಟೆ. ಹೊಸದಾಗಿ ಕಲಸಿದ್ದರಲ್ಲಿ ರೀಡಿಂಗ್ ಜಾರುತ್ತಾ ಇರುತ್ತದೆ. ಬೆಳಿಗ್ಗೆ ಗೆಳೆಯನದು ಎಡಕ್ಕೆ 4.5. ಅತ್ತೆಯದು ಬಲಕ್ಕೆ 9.

ಅಪ್ಪ ಗೆದ್ದೆ ಅಂದರು. ನಾನು ಪೂರ್ತಿ ಒಪ್ಪಲಿಲ್ಲ. ಹೂವಿನ ಬದಲು ಸಸ್ಯಹೇನು ಸುರಿಸುವ ಸಿಹಿ ರಸದಿಂದ ಜೇನ್ನೊಣ ಮಾಡಿದ ತುಪ್ಪ ಬಲಕ್ಕೂ ತಿರುಗಬಹುದು. ಇನ್ನೊಂದು ಕಡೆಯಿಂದಲೂ ಮೋಸ ಹೋಗಬಹುದು. ಸಕ್ಕರೆ ನೀರಿಗೆ ನಿಂಬೆಹಣ್ಣು ಹಿಂಡಿ ಅರ್ಧ ಗಂಟೆ ಕುದಿಸಿದೆ. ಬಲಕ್ಕೆ 16 ಇದ್ದದ್ದು ಎಡಕ್ಕೆ 4 ಆಯ್ತು. ಹುಳಿ ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ. ಈ ಉಪಾಯ ಗೊತ್ತಿರುವ ಕಳ್ಳನನ್ನು ನನ್ನ ಪೈಪು ಹಿಡಿಯಲಾರದು.

ಅತ್ತೆ ಎಲ್ಲಾ ಕೇಳಿ, "ಹಂಗಾರೆ ನನ್ನದು ಕಾಡುಜೇನೇ ಇರಬಹುದಲ್ಲಪ್ಪಾ" ಅಂದು ಬಾಟಲಿ ವಾಪಸ್ ಬ್ಯಾಗಿಗೆ ಹಾಕಿಕೊಂಡರು.

ಮುಂದಿನ ವಾರ ಕಬ್ಬಿನ ಹಾಲು. ಅದು ಸೋಸಿದರೂ ಮಬ್ಬೇ ಇರುತ್ತದೆ, ಪೈಪ್ 10 ಸೆಂಟಿಮೀಟರಿಗೆ ಇಳಿಸಬೇಕು. ಗಾಡಿಯವರಿಗೆ ನಿಂಬೆ, ಶುಂಠಿ ಎರಡೂ ಬೇಡ ಅಂತ ಮೊದಲೇ ಹೇಳಬೇಕು.